ಇನ್ನೊಂದು ಬಾಟಲಿ ಬೇಕಾ, ಬೇಡವಾ? ಹಾಸಿಗೆ ಪಕ್ಕದ ಸ್ಕ್ಯಾನಿಂಗ್ ಹೇಳುವ ನೀರಿನ ಲೆಕ್ಕ

"ಡಾಕ್ಟ್ರೇ, ಅಪ್ಪಂಗೆ ನಿನ್ನೆಯಿಂದ ಒಂದಕ್ಕೇ ಸರಿಯಾಗಿ ಆಗ್ತಿಲ್ಲ. ಇನ್ನೊಂದು ಬಾಟ್ಲಿ ಏರಿಸ್ತೀರಾ?"

ಬೆಳಗಿನ ರೌಂಡ್ಸ್‌ನಲ್ಲಿ ಮಗ ಕೇಳಿದ ಮಾತಿದು. ತಂದೆಗೆ 68 ವರ್ಷ. ಹಿಂದೆ ಒಮ್ಮೆ ಹೃದಯಾಘಾತ ಆಗಿತ್ತು. ಈ ಸಲ ಮೂತ್ರದ ಸೋಂಕು, ಚಳಿಜ್ವರ ಅಂತ ದಾಖಲಾಗಿದ್ದರು. (ಗುರುತು ಸಿಗಬಾರದೆಂದು ಕೆಲವು ವಿವರ ಬದಲಿಸಿದ್ದೇನೆ.) ಬಂದ ದಿನ ಬಿಪಿ ತುಂಬಾ ಇಳಿದಿತ್ತು. ಎರಡು ದಿನದಲ್ಲಿ ಡ್ರಿಪ್ ಮೂಲಕ ನಾಲ್ಕು ಲೀಟರ್ ಹೋಗಿತ್ತು. ಮೂರನೇ ದಿನ ಬೆಳಗ್ಗೆ ಬಿಪಿ 90/60. ಹಿಂದಿನ 24 ಗಂಟೆಯಲ್ಲಿ ಬಂದ ಮೂತ್ರ ಬರೀ 300 ಮಿಲಿ. ಕಿಡ್ನಿ ಸರಿಯಾಗಿ ಕೆಲಸ ಮಾಡದಿದ್ದರೆ ರಕ್ತದಲ್ಲಿ ಏರುವ ಕ್ರಿಯಾಟಿನಿನ್ 1.2ರಿಂದ 2.4ಕ್ಕೆ ಏರಿತ್ತು. ನಾಲಿಗೆ ಒಣಗಿತ್ತು. ಪಾದ ಮಾತ್ರ ಊದಿಕೊಂಡಿತ್ತು. ಮನೆಯಿಂದ ಹಾಕಿಕೊಂಡು ಬಂದ ಚಪ್ಪಲಿ ಕಾಲಿಗೆ ಹಿಡಿಯುತ್ತಿರಲಿಲ್ಲ.

ಒಣ ನಾಲಿಗೆ, ಕಡಿಮೆ ಬಿಪಿ, ಕಡಿಮೆ ಮೂತ್ರ. ಇವು ಮೂರೂ "ನೀರು ಕೊಡಿ" ಅನ್ನುತ್ತವೆ. ಊದಿದ ಪಾದ "ಸಾಕು" ಅನ್ನುತ್ತದೆ. ಯಾರ ಮಾತು ಕೇಳಬೇಕು? ಆಸ್ಪತ್ರೆಯಲ್ಲಿ ದಿನಕ್ಕೆ ಹತ್ತಾರು ಸಲ ಎದುರಾಗುವ ಪ್ರಶ್ನೆ ಇದು. ಕೇಳಲು ಸಣ್ಣದು. ತಪ್ಪು ಉತ್ತರ ಕೊಟ್ಟರೆ ಎರಡೂ ಕಡೆ ಅಪಾಯ. ನೀರು ಕಡಿಮೆಯಾದರೆ ಕಿಡ್ನಿ, ಮಿದುಳಿಗೆ ರಕ್ತ ಸಾಲದು. ಜಾಸ್ತಿಯಾದರೆ ಶ್ವಾಸಕೋಶದಲ್ಲಿ ನೀರು ತುಂಬಿ ಮನುಷ್ಯ ಮಲಗಿದ್ದಲ್ಲೇ ಉಸಿರುಗಟ್ಟುತ್ತಾನೆ.

ಆ ಬೆಳಗ್ಗೆ ನಾವು ಸ್ಕ್ಯಾನಿಂಗ್ ಯಂತ್ರವನ್ನು ಹಾಸಿಗೆ ಹತ್ತಿರಕ್ಕೇ ತಳ್ಳಿಕೊಂಡು ಬಂದೆವು. ಅದು ಏನು ತೋರಿಸಿತು ಅನ್ನುವ ಮೊದಲು, ದೇಹದೊಳಗಿನ ನೀರಿನ ಬಗ್ಗೆ ಸ್ವಲ್ಪ ತಿಳಿದುಕೊಳ್ಳಬೇಕು.

ಬಾಟಲಿಯ ನೀರು ಎಲ್ಲಿಗೆ ಹೋಗುತ್ತದೆ?

70 ಕೆಜಿ ತೂಕದ ಗಂಡಸಿನ ದೇಹದಲ್ಲಿ ಸುಮಾರು 42 ಲೀಟರ್ ನೀರಿರುತ್ತದೆ. ಅದರಲ್ಲಿ ಮೂರನೇ ಎರಡು ಪಾಲು ಜೀವಕೋಶಗಳ ಒಳಗಿರುತ್ತದೆ. ಉಳಿದ 14 ಲೀಟರ್ ಜೀವಕೋಶಗಳ ಹೊರಗೆ. ಅದರಲ್ಲೂ ಹೆಚ್ಚಿನದು ಜೀವಕೋಶಗಳ ನಡುವಿನ ಸಂದಿಯಲ್ಲಿರುತ್ತದೆ. ರಕ್ತನಾಳದ ಒಳಗೆ ಹರಿಯುವ ನೀರು ಮೂರು, ಮೂರೂವರೆ ಲೀಟರ್ ಅಷ್ಟೇ.

ಬಿಪಿಗೆ ಲೆಕ್ಕಕ್ಕೆ ಬರುವುದು ಈ ಮೂರೂವರೆ ಲೀಟರ್. ನಾವು ಡ್ರಿಪ್ ಹಾಕುವುದೂ ಇದಕ್ಕೇ. ಆದರೆ ಒಂದು ಲೀಟರ್ ಎನ್‌ಎಸ್ (ನಾರ್ಮಲ್ ಸಲೈನ್) ಏರಿಸಿದರೆ ಸ್ವಲ್ಪ ಹೊತ್ತಿನಲ್ಲೇ ಅದರ ಮುಕ್ಕಾಲು ಪಾಲು ರಕ್ತನಾಳದಿಂದ ಸೋರಿ ಸಂದಿಗೆ ಹೋಗುತ್ತದೆ. ರಕ್ತದಲ್ಲಿ ಉಳಿಯುವುದು ಕಾಲು ಭಾಗದಷ್ಟು. ಸೋಂಕು ಜೋರಾಗಿದ್ದರೆ ರಕ್ತನಾಳದ ಗೋಡೆಯೇ ಜಾಳಾಗಿರುತ್ತದೆ. ಆಗ ಇನ್ನೂ ಬೇಗ ಸೋರುತ್ತದೆ. ಹಾಗಾಗಿ ಒಬ್ಬರಿಗೆ ಮೈಯೆಲ್ಲ ಊದಿಕೊಂಡಿದ್ದೂ ರಕ್ತನಾಳದಲ್ಲಿ ನೀರು ಕಡಿಮೆ ಇರಬಹುದು. ಇನ್ನೊಬ್ಬರಿಗೆ ಎರಡೂ ಕಡೆ ತುಂಬಿ ತುಳುಕುತ್ತಿರಬಹುದು. ಪಾದ ಒತ್ತಿ ನೋಡಿದರೆ ಇಬ್ಬರಲ್ಲೂ ಒಂದೇ ತರಹದ ಕುಳಿ ಬೀಳುತ್ತದೆ.

ಎನ್‌ಎಸ್ ಅಂದರೆ ಬರೀ ನೀರಲ್ಲ, ಉಪ್ಪುನೀರು. ಅರ್ಧ ಲೀಟರ್ ಬಾಟಲಿಯಲ್ಲಿ 4.5 ಗ್ರಾಂ ಉಪ್ಪಿರುತ್ತದೆ. ಇಡೀ ದಿನಕ್ಕೆ 5 ಗ್ರಾಂಗಿಂತ ಕಡಿಮೆ ಉಪ್ಪು ತಿನ್ನಿ ಅಂತ ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ನಮ್ಮಲ್ಲಿ ಜನ "ಸುಸ್ತಾಗಿದೆ, ಒಂದು ಗ್ಲೂಕೋಸ್ ಹಾಕಿ" ಅಂತ ಪ್ರೀತಿಯಿಂದ ಕೇಳುತ್ತಾರೆ. ಅರ್ಧ ಲೀಟರ್ 5 ಪರ್ಸೆಂಟ್ ಗ್ಲೂಕೋಸ್ ಬಾಟಲಿಯಲ್ಲಿ ಇರುವುದು 25 ಗ್ರಾಂ ಸಕ್ಕರೆ. ಅದರಿಂದ ಸಿಗುವ ಶಕ್ತಿ ಒಂದೆರಡು ಇಡ್ಲಿ ಕೊಡುವಷ್ಟೇ. ಬಾಟಲಿ ಒಂದು ಔಷಧ. ಎಲ್ಲ ಔಷಧದ ಹಾಗೆ ಅದಕ್ಕೂ ಅಳತೆ ಇದೆ.

ಈ ಔಷಧ ಜೀವ ಉಳಿಸಿದೆ ಅನ್ನುವುದನ್ನು ಮರೆಯಬಾರದು. 1832ರಲ್ಲಿ ಸ್ಕಾಟ್ಲೆಂಡಿನ ಥಾಮಸ್ ಲ್ಯಾಟಾ ಕಾಲರಾದಿಂದ ಬತ್ತಿಹೋದ ರೋಗಿಗಳ ರಕ್ತನಾಳಕ್ಕೆ ಉಪ್ಪುನೀರು ಹಾಕಿ, ಸಾಯುತ್ತಿದ್ದವರು ಎದ್ದು ಕೂರುವುದನ್ನು ಕಂಡರು. ವಾಂತಿಭೇದಿಯಾಗಿ ಬಂದ ಮಗುವಿಗೆ, ಅಪಘಾತದಲ್ಲಿ ರಕ್ತ ಸುರಿಸಿಕೊಂಡು ಬಂದವರಿಗೆ ಇವತ್ತಿಗೂ ಡ್ರಿಪ್ಪೇ ಮೊದಲ ಆಸರೆ. ಅಲ್ಲಿ ಸ್ಕ್ಯಾನಿಂಗ್‌ಗೆ ಕಾಯುತ್ತಾ ಕೂರಬಾರದು.

ಕಷ್ಟ ಶುರುವಾಗುವುದು ಆಮೇಲೆ. 2011ರಲ್ಲಿ ಉಗಾಂಡ, ಕೀನ್ಯಾ, ಟಾಂಜಾನಿಯಾದ 3,100ಕ್ಕೂ ಹೆಚ್ಚು ಮಕ್ಕಳ ಮೇಲೆ ನಡೆದ ಒಂದು ಪರೀಕ್ಷೆಯ ಫಲಿತಾಂಶ ಬಂತು. ತೀವ್ರ ಜ್ವರದಿಂದ ಕೈಕಾಲು ತಣ್ಣಗಾಗಿದ್ದ ಮಕ್ಕಳವು. ಕೆಲವರಿಗೆ ಬೇಗ ಬೇಗ ಡ್ರಿಪ್ ಓಡಿಸಿದರು, ಕೆಲವರಿಗೆ ನಿಧಾನವಾಗಿ, ಮಾಮೂಲಿ ಅಳತೆಯಲ್ಲಿ ಕೊಟ್ಟರು. ಬೇಗ ಓಡಿಸಿದ ಗುಂಪು ಗೆಲ್ಲುತ್ತದೆ ಅಂತ ಎಲ್ಲರೂ ಅಂದುಕೊಂಡಿದ್ದರು. ಆಗಿದ್ದು ತಿರುವುಮುರುವು. 48 ಗಂಟೆಯೊಳಗೆ ಬೇಗ ಓಡಿಸಿದ ಗುಂಪಿನಲ್ಲಿ ನೂರಕ್ಕೆ 10.5ರಷ್ಟು ಮಕ್ಕಳು ತೀರಿಕೊಂಡರು. ನಿಧಾನ ಕೊಟ್ಟ ಗುಂಪಿನಲ್ಲಿ 7.3. ನಾನು ಓದಿದ ಅಂಕಿಗಳಲ್ಲಿ ನನ್ನನ್ನು ಇಷ್ಟು ಅಲುಗಾಡಿಸಿದ್ದು ಬೇರೆ ಕಡಿಮೆ. ಪ್ರತಿ ಬಾಟಲಿಗೂ ಕಾರಣ ಇರಬೇಕು ಅನ್ನುವ ಹಟ ನನಗೆ ಅಂಟಿದ್ದು ಅಲ್ಲಿಂದ.

ಕಣ್ಣು, ಕೈ, ಸ್ಟೆತಸ್ಕೋಪ್ ಸಾಲದೇ?

ಸಾಕಾಗುವ ಕಡೆ ಸಾಕು. ಕತ್ತಿನ ರಕ್ತನಾಳ ಉಬ್ಬಿದೆಯಾ, ಬೆನ್ನಿಗೆ ಸ್ಟೆತಸ್ಕೋಪ್ ಇಟ್ಟರೆ ಕರಕರ ಸದ್ದು ಬರುತ್ತದಾ, ಕೈಕಾಲು ಬೆಚ್ಚಗಿದೆಯಾ ಅಂತ ನೋಡದೆ ಪ್ರೋಬ್ (ಸ್ಕ್ಯಾನಿಂಗ್ ಯಂತ್ರದಲ್ಲಿ ಮೈಗೆ ಒತ್ತಿ ಹಿಡಿಯುವ ಭಾಗ) ಎತ್ತಿಕೊಳ್ಳುವುದು ತಪ್ಪು. ದಿನಾ ಬೆಳಗ್ಗೆ ತೂಕ ನೋಡುವುದಂತೂ ಎಲ್ಲಕ್ಕಿಂತ ಅಗ್ಗದ, ಒಳ್ಳೆಯ ಪರೀಕ್ಷೆ. ಒಂದು ಲೀಟರ್ ನೀರು ಅಂದರೆ ಒಂದು ಕೆಜಿ. ರಾತ್ರೋರಾತ್ರಿ ಎರಡು ಕೆಜಿ ಏರಿದ್ದರೆ ಅದು ಕೊಬ್ಬೂ ಅಲ್ಲ, ಮಾಂಸವೂ ಅಲ್ಲ.

ಆದರೆ ಇವಕ್ಕೆಲ್ಲ ಮಿತಿ ಇದೆ. ಕಾಲು ಕಣ್ಣಿಗೆ ಕಾಣುವಂತೆ ಊದುವ ಹೊತ್ತಿಗೆ ಎರಡು ಮೂರು ಲೀಟರ್ ಸೇರಿಕೊಂಡಿರುತ್ತದೆ. ಬಾಯಲ್ಲಿ ಉಸಿರಾಡುವವರ ನಾಲಿಗೆ ಹೇಗೂ ಒಣಗುತ್ತದೆ. ಇನ್ನು ಮೂತ್ರ ಕಡಿಮೆಯಾಗಲು ನೀರಿನ ಕೊರತೆಯೂ ಕಾರಣ, ನೀರು ಜಾಸ್ತಿಯಾಗಿದ್ದೂ ಕಾರಣ. ಈ ಕೊನೆಯ ಮಾತು ವಿಚಿತ್ರ ಅನ್ನಿಸಬಹುದು. ಅದನ್ನು ಮುಂದೆ ಬಿಡಿಸಿ ಹೇಳುತ್ತೇನೆ.

ಕತ್ತಿನ ರಕ್ತನಾಳಕ್ಕೆ ನಳಿಗೆ ಹಾಕಿ ಒಳಗಿನ ಒತ್ತಡ ಅಳೆಯುವ ಪದ್ಧತಿ ಐಸಿಯುಗಳಲ್ಲಿ ದಶಕಗಳ ಕಾಲ ಇತ್ತು. ಅದಕ್ಕೆ ಸಿವಿಪಿ ಅನ್ನುತ್ತಾರೆ. ಸಂಖ್ಯೆ ಕಡಿಮೆಯಿದ್ದರೆ ನೀರು ಕೊಡು, ಜಾಸ್ತಿಯಿದ್ದರೆ ನಿಲ್ಲಿಸು. 2008ರಲ್ಲಿ ಹಳೆಯ ಅಧ್ಯಯನಗಳನ್ನೆಲ್ಲ ಒಟ್ಟಿಗೆ ಇಟ್ಟು ನೋಡಿದಾಗ, ನೀರು ಕೊಟ್ಟರೆ ರೋಗಿಗೆ ಉಪಯೋಗ ಆಗುತ್ತದಾ ಇಲ್ಲವಾ ಎಂದು ಆ ಸಂಖ್ಯೆಯಿಂದ ಊಹಿಸಲು ಆಗುವುದಿಲ್ಲ ಅಂತ ಗೊತ್ತಾಯಿತು. ರಕ್ತ ಸಂಚಾರ ಕುಸಿದ ರೋಗಿಗಳಲ್ಲಿ ನೀರು ಕೊಟ್ಟರೆ ಹೃದಯ ಹೆಚ್ಚು ರಕ್ತ ಹೊರಹಾಕುವುದು ಸುಮಾರು ಅರ್ಧ ಜನರಲ್ಲಿ ಮಾತ್ರ. ಉಳಿದ ಅರ್ಧ ಜನಕ್ಕೆ ಕೊಟ್ಟ ನೀರು ಹೊರೆ.

ಮೂರು ಬೇರೆ ಬೇರೆ ಪ್ರಶ್ನೆ

"ನೀರು ಕಡಿಮೆಯಾ, ಜಾಸ್ತಿಯಾ?" ಅಂತ ಒಂದೇ ಪ್ರಶ್ನೆ ಕೇಳಿದರೆ ಸಿಕ್ಕಿಹಾಕಿಕೊಳ್ಳುತ್ತೇವೆ. ಅದರೊಳಗೆ ಮೂರು ಪ್ರಶ್ನೆಗಳಿವೆ. ನೀರು ಕೊಟ್ಟರೆ ಹೃದಯ ಅದನ್ನು ಮುಂದಕ್ಕೆ ತಳ್ಳುತ್ತದಾ? ಶ್ವಾಸಕೋಶ ತಡೆದುಕೊಳ್ಳುತ್ತದಾ? ಕಿಡ್ನಿ, ಲಿವರ್‌ನಿಂದ ರಕ್ತ ವಾಪಸ್ ಬರುವ ದಾರಿ ಸರಾಗವಾಗಿದೆಯಾ? ಹಾಸಿಗೆ ಪಕ್ಕದ ಸ್ಕ್ಯಾನಿಂಗ್‌ನ ಬೆಲೆ ಇರುವುದು ಇಲ್ಲೇ. ಒಂದೇ ಪ್ರೋಬಿನಿಂದ ಮೂರನ್ನೂ ಕೇಳಬಹುದು. ಸಂಜೆ ಮತ್ತೆ ಕೇಳಬಹುದು. ನಾಳೆ ಬೆಳಗ್ಗೆ ಇನ್ನೊಮ್ಮೆ ಕೇಳಬಹುದು. ವಿಕಿರಣ ಇಲ್ಲ, ಸೂಜಿ ಇಲ್ಲ, ರೋಗಿಯನ್ನು ಸ್ಟ್ರೆಚರ್ ಮೇಲೆ ಇನ್ನೊಂದು ಮಹಡಿಗೆ ಒಯ್ಯುವ ಗೋಳೂ ಇಲ್ಲ.

ಯಂತ್ರ ಕೆಲಸ ಮಾಡುವ ರೀತಿ ಸರಳ. ಪ್ರೋಬ್ ನಮ್ಮ ಕಿವಿಗೆ ಕೇಳದ ಶಬ್ದ ಕಳಿಸುತ್ತದೆ. ಶಬ್ದ ಸೆಕೆಂಡಿಗೆ ಸುಮಾರು 1,540 ಮೀಟರ್ ವೇಗದಲ್ಲಿ ಮೈಯೊಳಗೆ ಹೋಗಿ, ಅಂಗಗಳಿಗೆ ತಾಗಿ ಮರುದನಿಯಾಗಿ ಬರುತ್ತದೆ. ಎಷ್ಟು ಹೊತ್ತಿಗೆ ಬಂತು ಅನ್ನುವುದರಿಂದ ಎಷ್ಟು ಆಳದಲ್ಲಿದೆ ಅಂತ ಲೆಕ್ಕ ಹಾಕಿ ಚಿತ್ರ ಬಿಡಿಸುತ್ತದೆ. ರಕ್ತ, ನೀರು ಕಪ್ಪಾಗಿ ಕಾಣುತ್ತವೆ. ಗಾಳಿ ಶಬ್ದವನ್ನು ಒಳಗೆ ಬಿಡುವುದಿಲ್ಲ. ಅದಕ್ಕೇ ಚರ್ಮಕ್ಕೂ ಪ್ರೋಬಿಗೂ ನಡುವೆ ಆ ತಣ್ಣನೆಯ ಜೆಲ್.

ಐವಿಸಿ: ಉಸಿರೆಳೆದಾಗ ಕುಗ್ಗುವ ನಾಳ

ಕಾಲು, ಕಿಡ್ನಿ, ಲಿವರ್‌ನ ರಕ್ತವನ್ನೆಲ್ಲ ಹೃದಯಕ್ಕೆ ತರುವ ದೊಡ್ಡ ರಕ್ತನಾಳದ ಹೆಸರು ಐವಿಸಿ. ಹೆಚ್ಚುಕಡಿಮೆ ಹೆಬ್ಬೆರಳಿನ ದಪ್ಪ. ಎದೆಮೂಳೆಯ ಕೆಳತುದಿಯಲ್ಲಿ ಪ್ರೋಬ್ ಇಟ್ಟರೆ ಲಿವರ್ ಹಿಂದೆ ಕಪ್ಪು ಕೊಳವೆಯ ಹಾಗೆ ಕಾಣುತ್ತದೆ. ಅದರ ಗೋಡೆ ಮೆತ್ತಗೆ. ಉಸಿರು ಒಳಗೆಳೆದಾಗ ಎದೆಯೊಳಗಿನ ಒತ್ತಡ ಇಳಿಯುತ್ತದೆ, ರಕ್ತ ಹೃದಯದ ಕಡೆ ಸೆಳೆದುಕೊಂಡು ಹೋಗುತ್ತದೆ, ನಾಳ ಕುಗ್ಗುತ್ತದೆ. ಸ್ಟ್ರಾದಲ್ಲಿ ಜೋರಾಗಿ ಎಳೆದಾಗ ಜ್ಯೂಸ್ ಪ್ಯಾಕೆಟ್ ಒಳಕ್ಕೆ ಬಾಗುತ್ತದಲ್ಲ, ಹಾಗೆ. ಪ್ಯಾಕೆಟ್ ತುಂಬಿದ್ದರೆ ಬಾಗುವುದಿಲ್ಲ.

ರೋಗಿಗೆ "ಮೂಗಿನಿಂದ ಒಂದ್ಸಲ ಜೋರಾಗಿ ಉಸಿರೆಳೀರಿ" ಅಂತ ಹೇಳಿ ನೋಡುತ್ತೇವೆ. ನಾಳದ ಅಗಲ 2.1 ಸೆಂ.ಮೀ. ಅಥವಾ ಕಡಿಮೆ ಇದ್ದು, ಉಸಿರೆಳೆದಾಗ ಅರ್ಧಕ್ಕಿಂತ ಜಾಸ್ತಿ ಕುಗ್ಗಿದರೆ ಹೃದಯದ ಬಲಗೋಣೆಯ ಒತ್ತಡ ಕಡಿಮೆ ಎಂದು ಅರ್ಥ. 2.1ಕ್ಕಿಂತ ಅಗಲವಾಗಿದ್ದು ಅರ್ಧದಷ್ಟೂ ಕುಗ್ಗದಿದ್ದರೆ ಒತ್ತಡ ಏರಿದೆ ಎಂದು ಅರ್ಥ. ನಡುವಿನವರ ಬಗ್ಗೆ ಇದರಿಂದ ಗಟ್ಟಿಯಾಗಿ ಏನೂ ಹೇಳಲಾಗದು.

ಕಲಿಯುವವರು ಮೊದಲು ಕಲಿಯುವುದು ಇದನ್ನೇ. ಎಡವುವುದೂ ಇಲ್ಲೇ. ವೆಂಟಿಲೇಟರ್ ಮೇಲಿರುವವರಿಗೆ ಯಂತ್ರ ಗಾಳಿಯನ್ನು ಒಳಕ್ಕೆ ತಳ್ಳುತ್ತದೆ. ಹಾಗಾಗಿ ಉಸಿರು ಒಳಹೋಗುವಾಗ ಐವಿಸಿ ಕುಗ್ಗುವ ಬದಲು ಹಿಗ್ಗುತ್ತದೆ, ಲೆಕ್ಕವೇ ಬೇರೆಯಾಗುತ್ತದೆ. ಕ್ರೀಡಾಪಟುಗಳಲ್ಲಿ ಆರೋಗ್ಯವಾಗಿದ್ದೂ ಐವಿಸಿ ಅಗಲವಾಗಿರಬಹುದು. ವರ್ಷಗಟ್ಟಲೆ ಶ್ವಾಸಕೋಶದ ಕಾಯಿಲೆಯಿಂದ ಹೃದಯದ ಬಲಭಾಗ ದಣಿದವರಲ್ಲೂ ಅದು ಯಾವಾಗಲೂ ಉಬ್ಬಿರುತ್ತದೆ. ಕೊಳವೆಯ ಮಧ್ಯದಲ್ಲಿ ನೋಡದೆ ಅಂಚಿನಲ್ಲಿ ನೋಡಿದರೆ ಅಗಲವಾದದ್ದೂ ಸಣ್ಣದಾಗಿ ಕಾಣುತ್ತದೆ. ಉಸಿರಿನ ಜೊತೆ ನಾಳ ಪಕ್ಕಕ್ಕೆ ಸರಿದರೆ ಕುಗ್ಗಿದಂತೆ ಭ್ರಮೆಯಾಗುತ್ತದೆ. ಅದಕ್ಕೆ ಉದ್ದಕ್ಕೂ ಅಡ್ಡಕ್ಕೂ ಎರಡೂ ಕಡೆಯಿಂದ ನೋಡಬೇಕು.

ಇನ್ನೂ ದೊಡ್ಡ ತಪ್ಪು ತಿಳಿವಳಿಕೆ ಒಂದಿದೆ. ಐವಿಸಿ ಕುಗ್ಗಿತು ಅಂದ ಮಾತ್ರಕ್ಕೆ ನೀರು ಬೇಕು ಅಂತಲ್ಲ. ಈಗ ಇದನ್ನು ಓದುತ್ತಿರುವ ನಿಮ್ಮ ಐವಿಸಿಯೂ ಉಸಿರೆಳೆದರೆ ಚೆನ್ನಾಗಿಯೇ ಕುಗ್ಗುತ್ತದೆ. ನಿಮಗೆ ಡ್ರಿಪ್ ಬೇಕಾ? ಬೇಡ ಅಲ್ವಾ. ಐವಿಸಿ ಒಂದನ್ನೇ ನೋಡಿ ನಿರ್ಧಾರ ಮಾಡುವುದನ್ನು ನಾನು ಒಪ್ಪುವುದಿಲ್ಲ. ಅದು ಬಾಗಿಲು. ಒಳಗೆ ಇನ್ನೂ ಕೋಣೆಗಳಿವೆ.

ಶ್ವಾಸಕೋಶ: ಗೆರೆಗಳನ್ನು ಓದುವುದು

ಗಾಳಿ ಶಬ್ದವನ್ನು ಬಿಡುವುದಿಲ್ಲ ಅಂದೆನಲ್ಲ, ಅದೇ ಕಾರಣಕ್ಕೆ ಶ್ವಾಸಕೋಶಕ್ಕೆ ಸ್ಕ್ಯಾನಿಂಗ್ ಉಪಯೋಗವಿಲ್ಲ ಅಂತ ಬಹಳ ಕಾಲ ನಂಬಿದ್ದರು. ಫ್ರಾನ್ಸಿನ ಐಸಿಯು ವೈದ್ಯ ಡೇನಿಯಲ್ ಲಿಕ್ಟೆನ್‌ಸ್ಟೈನ್ ಇದನ್ನು ಒಪ್ಪಲಿಲ್ಲ. ಪರದೆ ಮೇಲೆ ಕಾಣುವುದು ಶ್ವಾಸಕೋಶದ ಚಿತ್ರ ಅಲ್ಲದಿದ್ದರೇನು, ಅಲ್ಲಿ ಮೂಡುವ ಗೆರೆಗಳಿಗೇ ಅರ್ಥ ಇದೆ ಅಂತ 1990ರ ದಶಕದಿಂದ ಒಂದೊಂದಾಗಿ ತೋರಿಸುತ್ತಾ ಬಂದರು. ನನಗೆ ಇಡೀ ವಿಷಯದಲ್ಲಿ ಎಲ್ಲಕ್ಕಿಂತ ಇಷ್ಟವಾದ ಭಾಗ ಇದು. ಬೇರೆಯವರು ಕಸ ಅಂತ ಬಿಟ್ಟಿದ್ದ ಗೆರೆಗಳನ್ನು ಒಬ್ಬರು ಕೂತು ಓದಿದರು.

ಎರಡು ಪಕ್ಕೆಲುಬಿನ ನಡುವೆ ಪ್ರೋಬ್ ಇಟ್ಟರೆ ಒಂದು ಬಿಳಿ ಗೆರೆ ಉಸಿರಿನ ಜೊತೆ ಅತ್ತಿತ್ತ ಜಾರುತ್ತಿರುತ್ತದೆ. ಅದು ಶ್ವಾಸಕೋಶದ ಹೊದಿಕೆ. ಒಳಗೆ ಬರೀ ಗಾಳಿ ಇದ್ದರೆ ಶಬ್ದ ಆ ಹೊದಿಕೆಗೂ ಪ್ರೋಬಿಗೂ ನಡುವೆ ಹೋಗಿ ಬಂದು ಮಾಡುತ್ತದೆ. ಸಲೂನಿನಲ್ಲಿ ಎದುರುಬದುರು ಕನ್ನಡಿ ಇದ್ದರೆ ಒಂದೇ ಮುಖ ಸಾಲುಸಾಲಾಗಿ ಕಾಣುತ್ತದೆ. ಹಾಗೆಯೇ ಇಲ್ಲಿ ಸಮ ಅಂತರದಲ್ಲಿ ಅಡ್ಡ ಗೆರೆಗಳು ಮೂಡುತ್ತವೆ. ಇವು ಎ-ಗೆರೆಗಳು. ಒಣಗಿದ, ಗಾಳಿ ತುಂಬಿದ ಶ್ವಾಸಕೋಶದ ಗುರುತು.

ಶ್ವಾಸಕೋಶದ ಸಂದಿಗಳಲ್ಲಿ ನೀರು ಸೇರಲು ಶುರುವಾದರೆ ಚಿತ್ರ ಬದಲಾಗುತ್ತದೆ. ಕತ್ತಲಲ್ಲಿ ಟಾರ್ಚ್ ಬಿಟ್ಟ ಹಾಗೆ, ಹೊದಿಕೆಯಿಂದ ಹೊರಟ ಉದ್ದನೆ ಬೆಳಕಿನ ಗೆರೆಗಳು ಪರದೆಯ ತಳದವರೆಗೂ ಇಳಿಯುತ್ತವೆ. ಉಸಿರಾಡಿದಾಗ ಜೊತೆಗೇ ಓಲಾಡುತ್ತವೆ. ಇವು ಬಿ-ಗೆರೆಗಳು. ಒಂದೆರಡು ಇದ್ದರೆ ಚಿಂತೆಯಿಲ್ಲ. ಒಂದೇ ಪಕ್ಕೆಲುಬಿನ ಸಂದಿಯಲ್ಲಿ ಮೂರು ಅಥವಾ ಜಾಸ್ತಿ ಇದ್ದರೆ, ಅದೂ ಎರಡೂ ಕಡೆ ಹಲವು ಜಾಗದಲ್ಲಿ ಕಂಡರೆ, ನೀರು ಸೇರಿದೆ ಅಂತ ಅನುಮಾನ ಪಡಬೇಕು. ಎದೆಯ ಎಕ್ಸ್‌ರೇ ತಪ್ಪಿಸಿಕೊಳ್ಳುವ ನೀರನ್ನೂ ಇದು ಎಷ್ಟೋ ಸಲ ಹಿಡಿಯುತ್ತದೆ.

ಬೇಕಾದಷ್ಟು ಸಲ ನೋಡಬಹುದು ಅನ್ನುವುದು ಇಲ್ಲಿ ದೊಡ್ಡ ಲಾಭ. ಡಯಾಲಿಸಿಸ್‌ಗೆ ಬಂದವರಲ್ಲಿ ಶುರುವಿಗೆ ಮುಂಚೆ ತುಂಬಿದ್ದ ಬಿ-ಗೆರೆಗಳು, ಯಂತ್ರ ನೀರು ತೆಗೆಯುತ್ತಾ ಹೋದ ಹಾಗೆ ನಾಲ್ಕು ಗಂಟೆಯಲ್ಲಿ ಕಡಿಮೆಯಾಗುವುದನ್ನು ಕಣ್ಣಾರೆ ನೋಡಬಹುದು. ಒಮ್ಮೆ ಒಬ್ಬರಿಗೆ ಪರದೆ ತಿರುಗಿಸಿ ತೋರಿಸಿದೆ. ಆ ವಾರದಿಂದ ಅವರು ನೀರು ಕುಡಿಯುವುದನ್ನು ಅಳೆದು ಬರೆದಿಡಲು ಶುರು ಮಾಡಿದರು. ನನ್ನ ಹತ್ತು ಉಪದೇಶ ಮಾಡದ ಕೆಲಸವನ್ನು ಆ ಗೆರೆಗಳು ಮಾಡಿದವು.

ಬಿ-ಗೆರೆ ಕಂಡಿದ್ದೆಲ್ಲ ನೀರು ಜಾಸ್ತಿಯಾಗಿದ್ದಲ್ಲ. ನ್ಯುಮೋನಿಯಾದಲ್ಲೂ ಕಾಣುತ್ತವೆ, ಆಗ ಸಾಮಾನ್ಯವಾಗಿ ಒಂದು ಕಡೆ ಜಾಸ್ತಿ. ಶ್ವಾಸಕೋಶ ಗಟ್ಟಿಯಾಗುವ ಹಳೆಯ ಕಾಯಿಲೆಗಳಲ್ಲೂ ಕಾಣುತ್ತವೆ, ಅಲ್ಲಿ ಹೊದಿಕೆ ಉಬ್ಬುತಗ್ಗಾಗಿರುತ್ತದೆ.

ಹೃದಯಕ್ಕೆ ಒಂದು ಪರೀಕ್ಷೆ: ಕಾಲೆತ್ತಿ ನೋಡುವುದು

ಹೃದಯದ ಸ್ನಾಯು ಕ್ಯಾಟರ್‌ಬಿಲ್ಲಿನ ರಬ್ಬರ್ ಇದ್ದ ಹಾಗೆ. ಜಾಸ್ತಿ ಎಳೆದರೆ ಕಲ್ಲು ದೂರ ಹೋಗುತ್ತದೆ. ಹೆಚ್ಚು ರಕ್ತ ತುಂಬಿದರೆ ಹೃದಯ ಜೋರಾಗಿ ಹಿಂಡುತ್ತದೆ. ಆದರೆ ಒಂದು ಹಂತ ದಾಟಿದ ಮೇಲೆ ರಬ್ಬರ್ ಇನ್ನೆಷ್ಟು ಎಳೆದರೂ ಕಲ್ಲು ಮುಂದೆ ಹೋಗದು. ಸೋತ ಹೃದಯ ಈ ಹಂತವನ್ನು ಬೇಗ ಮುಟ್ಟುತ್ತದೆ. ರೋಗಿ ಈಗ ಯಾವ ಹಂತದಲ್ಲಿದ್ದಾರೆ?

ತಿಳಿಯಲು ಒಂದು ಚೆಂದದ ಉಪಾಯವಿದೆ. ಒಂದು ಹನಿ ಡ್ರಿಪ್ ಕೊಡದೆ ಮಾಡುವ ಪರೀಕ್ಷೆ. ಮಂಚದ ತಲೆಭಾಗ ಎತ್ತಿ ಅರೆಕೂತಂತೆ ಇಟ್ಟಿರುವ ರೋಗಿಯನ್ನು, ಮಂಚವನ್ನೇ ತಿರುಗಿಸಿ, ತಲೆಭಾಗವನ್ನು ಸಮತಟ್ಟಾಗಿ ಇಳಿಸಿ ಕಾಲು 45 ಡಿಗ್ರಿ ಮೇಲೆತ್ತುತ್ತೇವೆ. ಕಾಲು ಮತ್ತು ಹೊಟ್ಟೆಯಲ್ಲಿದ್ದ ಸುಮಾರು 300 ಮಿಲಿ ರಕ್ತ ಹೃದಯದ ಕಡೆ ಹರಿಯುತ್ತದೆ. ಅವರದೇ ರಕ್ತ, ಸಾಲವಾಗಿ ಒಂದು ನಿಮಿಷಕ್ಕೆ. ಕಾಲು ಇಳಿಸಿದರೆ ವಾಪಸ್.

ಆ ಒಂದು ನಿಮಿಷದಲ್ಲಿ ಹೃದಯ ಹೊರಹಾಕುವ ರಕ್ತ ಹೆಚ್ಚಾಯಿತಾ ಅಂತ ಸ್ಕ್ಯಾನಿಂಗ್‌ನಲ್ಲಿ ಅಳೆಯುತ್ತೇವೆ. ಹರಿವಿನ ವೇಗ ಅಳೆಯುವ ಡಾಪ್ಲರ್ ಸಹಾಯದಿಂದ, ಒಂದು ಬಡಿತಕ್ಕೆ ರಕ್ತ ಎಷ್ಟು ಉದ್ದ ಚಿಮ್ಮುತ್ತದೆ ಅಂತ ನೋಡಬಹುದು. ಆರೋಗ್ಯವಂತರಲ್ಲಿ ಅದು 18ರಿಂದ 22 ಸೆಂ.ಮೀ., ಹೆಚ್ಚುಕಡಿಮೆ ಒಂದು ಗೇಣು. ಕಾಲೆತ್ತಿದಾಗ ಈ ಅಳತೆ ಶೇಕಡ 10ಕ್ಕಿಂತ ಜಾಸ್ತಿ ಏರಿದರೆ ಹೃದಯಕ್ಕೆ ಇನ್ನೂ ರಕ್ತ ತಳ್ಳುವ ಶಕ್ತಿ ಇದೆ. ಏರದಿದ್ದರೆ ಬಾಟಲಿ ಏರಿಸಿ ಉಪಯೋಗವಿಲ್ಲ.

ಗದ್ದೆ ಜವಳಾದಾಗ: ವಾಪಸ್ ಬರುವ ದಾರಿ

ಮೂತ್ರ ಕಡಿಮೆಯಾಗಲು ನೀರು ಜಾಸ್ತಿಯಾಗಿದ್ದೂ ಕಾರಣ ಅಂದೆನಲ್ಲ, ಈಗ ಅದನ್ನು ನೋಡೋಣ.

ಗದ್ದೆಗೆ ನೀರು ಬಿಡುವವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಮೇಲಿನ ಕಾಲುವೆಯಿಂದ ನೀರು ಬರಬೇಕು, ಕೆಳಗಿನ ಬಸಿಗಾಲುವೆಯಿಂದ ಹೋಗಬೇಕು. ಬಸಿಗಾಲುವೆ ಕಟ್ಟಿಕೊಂಡರೆ ನೀರು ನಿಂತು ಬೇರು ಕೊಳೆಯುತ್ತದೆ. ಎಲೆ ಹಳದಿಯಾಗುತ್ತದೆ. ನೋಡಿದವರಿಗೆ ನೀರು ಸಾಲದ ಬೆಳೆಯ ಹಾಗೇ ಕಾಣುತ್ತದೆ. ಇನ್ನಷ್ಟು ನೀರು ಬಿಟ್ಟರೆ ಬೆಳೆ ಪೂರ್ತಿ ಹೋಗುತ್ತದೆ. ತುಂಗಭದ್ರಾ ಅಚ್ಚುಕಟ್ಟಿನಲ್ಲಿ ನೀರು ಜಾಸ್ತಿಯಾಗಿ ಎಷ್ಟೋ ಜಮೀನು ಸವಳು-ಜವಳಾಗಿದ್ದು ಹೀಗೇ. ಅಲ್ಲೂ ಉಪ್ಪು ಮತ್ತು ನೀರು, ಇಲ್ಲೂ ಉಪ್ಪು ಮತ್ತು ನೀರು.

ಕಿಡ್ನಿಯ ಕಥೆಯೂ ಅದೇ. ರಕ್ತ ಒಳಬರುವ ಕಡೆಯ ಒತ್ತಡಕ್ಕೂ ಹೊರಹೋಗುವ ಕಡೆಯ ಒತ್ತಡಕ್ಕೂ ಇರುವ ವ್ಯತ್ಯಾಸವೇ ರಕ್ತವನ್ನು ಕಿಡ್ನಿಯ ಮೂಲಕ ತಳ್ಳುವುದು. ಬಿಪಿ 90/60 ಅಂದರೆ ಸರಾಸರಿ 70. ವಾಪಸ್ ದಾರಿಯ ಒತ್ತಡ 5 ಇದ್ದರೆ ತಳ್ಳುವ ಶಕ್ತಿ 65. ಅದೇ 20ಕ್ಕೆ ಏರಿದರೆ ಉಳಿಯುವುದು 50. ಮೇಲಾಗಿ ಕಿಡ್ನಿಯ ಸುತ್ತ ಗಟ್ಟಿ ಪೊರೆ ಇದೆ. ಒಳಗೆ ಊದಿದರೆ ಹಿಗ್ಗಲು ಜಾಗವಿಲ್ಲದೆ ತನ್ನನ್ನು ತಾನೇ ಹಿಸುಕಿಕೊಳ್ಳುತ್ತದೆ. ಮೂತ್ರ ನಿಲ್ಲುತ್ತದೆ. ನಾವು "ಕಿಡ್ನಿಗೆ ನೀರು ಸಾಲದು" ಅಂತ ಇನ್ನೊಂದು ಬಾಟಲಿ ಹಾಕುತ್ತೇವೆ.

ಈ ಬಸಿಗಾಲುವೆಯನ್ನು ನೋಡುವ ಒಂದು ಕ್ರಮಬದ್ಧ ವಿಧಾನ 2020ರಲ್ಲಿ ಪ್ರಕಟವಾಯಿತು. ಕೆನಡಾದ ಮಾಂಟ್ರಿಯಲ್‌ನಲ್ಲಿ ಹೃದಯ ಶಸ್ತ್ರಚಿಕಿತ್ಸೆಯಾದ 145 ರೋಗಿಗಳ ಮಾಹಿತಿಯಿಂದ ರೂಪಿಸಿದ ಇದಕ್ಕೆ ವೆಕ್ಸಸ್ ಅಂತ ಹೆಸರು. ಮೊದಲು ಐವಿಸಿ ನೋಡಬೇಕು. ಅದು 2 ಸೆಂ.ಮೀ. ಒಳಗಿದ್ದರೆ ಅಲ್ಲಿಗೇ ಮುಗಿಯಿತು. ಜಾಸ್ತಿ ಇದ್ದರೆ ಲಿವರ್‌ನಿಂದ ಹೊರಬರುವ ನಾಳ, ಕರುಳಿನಿಂದ ಲಿವರ್‌ಗೆ ಹೋಗುವ ಪೋರ್ಟಲ್ ನಾಳ, ಕಿಡ್ನಿಯೊಳಗಿನ ಸಣ್ಣ ನಾಳ, ಈ ಮೂರರಲ್ಲಿ ಡಾಪ್ಲರ್ ಇಟ್ಟು ಹರಿವು ನೋಡಬೇಕು.

ಪೋರ್ಟಲ್ ನಾಳ ಎಲ್ಲಕ್ಕಿಂತ ಸುಲಭ, ಹಾಗಾಗಿ ಅದನ್ನೇ ಹೇಳುತ್ತೇನೆ. ಅಲ್ಲಿ ರಕ್ತ ಸಾಮಾನ್ಯವಾಗಿ ಒಂದೇ ಸಮ ಹರಿಯುತ್ತದೆ, ತೊರೆಯ ನೀರಿನ ಹಾಗೆ. ಹೃದಯದ ಬಡಿತದ ಅಲೆಗಳು ಲಿವರ್ ದಾಟಿ ಅಲ್ಲಿಗೆ ಮುಟ್ಟುವುದಿಲ್ಲ. ಹಿಂದಿನ ಒತ್ತಡ ಏರಿದಾಗ ಅಲೆಗಳು ಅಲ್ಲಿಗೂ ತಲುಪುತ್ತವೆ. ಹರಿವು ಏರಿಳಿಯುತ್ತದೆ. ಏರಿಳಿತ ಶೇಕಡ 30 ದಾಟಿದರೆ ಎಚ್ಚರ, 50 ದಾಟಿದರೆ ತೀವ್ರ. ಕಿಡ್ನಿಯ ನಾಳದಲ್ಲೂ ಹಾಗೇ. ಎಡೆಬಿಡದೆ ಇರಬೇಕಾದ ಹರಿವು ಮೊದಲು ಎರಡು ತುಂಡಾಗುತ್ತದೆ, ಆಮೇಲೆ ಒಂದೇ ತುಂಡು ಉಳಿಯುತ್ತದೆ. ಮೂರರಲ್ಲಿ ಎರಡು ಕಡೆಯಾದರೂ ತೀವ್ರ ಬದಲಾವಣೆ ಕಂಡ ರೋಗಿಗಳಲ್ಲಿ ಕಿಡ್ನಿ ಪೆಟ್ಟಾಗುವ ಸಾಧ್ಯತೆ ಜಾಸ್ತಿ ಅಂತ ಆ ಅಧ್ಯಯನ ತೋರಿಸಿತು. ತೆಳ್ಳಗಿನ ಆರೋಗ್ಯವಂತರಲ್ಲೂ ಪೋರ್ಟಲ್ ನಾಳ ಸ್ವಲ್ಪ ಏರಿಳಿಯಬಹುದು. ಸಿರೋಸಿಸ್ ಆದ ಗಟ್ಟಿ ಲಿವರ್‌ನಲ್ಲಿ ಒತ್ತಡ ಏರಿದ್ದರೂ ಅಲೆ ಕಾಣದೇ ಇರಬಹುದು. ಅದಕ್ಕೇ ಒಂದು ನಾಳವನ್ನು ನಂಬದೆ ಮೂರನ್ನೂ ನೋಡುವುದು.

ನಮ್ಮ ಮಳೆಗಾಲದ ಡೆಂಗಿ

ಕರ್ನಾಟಕದ ವಾರ್ಡುಗಳಲ್ಲಿ ಈ ನೀರಿನ ಲೆಕ್ಕ ಅತಿ ಕಷ್ಟವಾಗುವುದು ಡೆಂಗಿಯಲ್ಲಿ. 2024ರಲ್ಲಿ ರಾಜ್ಯ ಸರ್ಕಾರ ಡೆಂಗಿಯನ್ನು ಸಾಂಕ್ರಾಮಿಕ ರೋಗವೆಂದು ಘೋಷಿಸಿದ್ದು ನೆನಪಿರಬಹುದು. ಮನೆಯವರೆಲ್ಲ ಪ್ಲೇಟ್‌ಲೆಟ್ ಎಷ್ಟು ಅಂತ ಕೇಳುತ್ತಾರೆ. ನಾವು ಹೆಚ್ಚು ಹೆದರುವುದು ಸೋರಿಕೆಗೆ. ಜ್ವರ ಬಿಡುವ ಹೊತ್ತಿಗೆ, ಸಾಮಾನ್ಯವಾಗಿ ಮೂರರಿಂದ ಏಳನೇ ದಿನದ ನಡುವೆ, ರಕ್ತದ ನೀರು ನಾಳಗಳಿಂದ ಸೋರಿ ಎದೆಗೂಡಿಗೆ, ಹೊಟ್ಟೆಗೆ ಇಳಿಯುತ್ತದೆ. ಒಂದೆರಡು ದಿನ ಹೀಗಿದ್ದು ಆಮೇಲೆ ಸೋರಿದ್ದೆಲ್ಲ ತಾನಾಗಿ ರಕ್ತಕ್ಕೆ ವಾಪಸ್ ಬರುತ್ತದೆ. ಸೋರುವಾಗ ಡ್ರಿಪ್ ಬೇಕು. ವಾಪಸ್ ಬರುವಾಗ ಅದೇ ಡ್ರಿಪ್ ಓಡುತ್ತಿದ್ದರೆ ಶ್ವಾಸಕೋಶ ಮುಳುಗುತ್ತದೆ. ನಿನ್ನೆ ಸರಿಯಾಗಿದ್ದ ಬಾಟಲಿ ಇವತ್ತು ತಪ್ಪು.

ಹಾಸಿಗೆ ಪಕ್ಕದ ಸ್ಕ್ಯಾನಿಂಗ್‌ನಲ್ಲಿ ಪಿತ್ತಕೋಶದ ಗೋಡೆ ದಪ್ಪಗಾಗಿದ್ದು, ಬಲ ಎದೆಯ ತಳದಲ್ಲಿ ಕಪ್ಪು ನೀರಿನ ಪಟ್ಟಿ, ಹೊಟ್ಟೆಯಲ್ಲಿ ನೀರು ಕಂಡರೆ ಸೋರಿಕೆ ಶುರುವಾಗಿದೆ ಅಂತ ತಿಳಿಯುತ್ತದೆ. ರಕ್ತ ಎಷ್ಟು ಗಟ್ಟಿಯಾಗಿದೆ ಅಂತ ಹೇಳುವ ಹೆಮಟೋಕ್ರಿಟ್ ಜೊತೆ ಇಟ್ಟು ನೋಡಿದರೆ ಚಿತ್ರ ಇನ್ನೂ ಸ್ಪಷ್ಟ. ಆರು ಗಂಟೆಗೊಮ್ಮೆ ನೋಡಿ, ಬಿ-ಗೆರೆ ಶುರುವಾದ ಕೂಡಲೇ ಡ್ರಿಪ್ ತಗ್ಗಿಸಬಹುದು.

ಯಂತ್ರ ಇದ್ದರೆ ಸಾಲದು

ಈಗ ಜೇಬಿನಲ್ಲಿ ಹಿಡಿಯುವ, ಫೋನಿಗೆ ಜೋಡಿಸುವ ಪ್ರೋಬ್‌ಗಳೂ ಬಂದಿವೆ. ಆದರೆ ನಮ್ಮ ದೇಶದಲ್ಲಿ ಅವನ್ನು ಸುಮ್ನೆ ಬ್ಯಾಗಿನಲ್ಲಿ ಹಾಕಿಕೊಂಡು ತಿರುಗುವ ಹಾಗಿಲ್ಲ. ಭ್ರೂಣಲಿಂಗ ಪತ್ತೆ ತಡೆಯುವ 1994ರ ಪಿಸಿಪಿಎನ್‌ಡಿಟಿ ಕಾಯ್ದೆ ಪ್ರಕಾರ ಪ್ರತಿ ಸ್ಕ್ಯಾನಿಂಗ್ ಯಂತ್ರವೂ ನೋಂದಣಿಯಾಗಿರಬೇಕು. ಎಲ್ಲಿ, ಯಾರು ಬಳಸುತ್ತಾರೆ ಅಂತ ದಾಖಲೆ ಇರಬೇಕು. ಭ್ರೂಣಲಿಂಗ ಪತ್ತೆಯಿಂದ ಎಷ್ಟು ಹೆಣ್ಣುಮಕ್ಕಳನ್ನು ಕಳೆದುಕೊಂಡಿದ್ದೇವೆ ಅಂತ ಗೊತ್ತಿರುವವರು ಈ ಕಾಯ್ದೆ ಬೇಡ ಅನ್ನಲಾರರು. ನಾನೂ ಅನ್ನುವುದಿಲ್ಲ. ನೋಂದಣಿ ಮಾಡಿಸಿ ವಾರ್ಡಿಗೊಂದು ಯಂತ್ರ ಇಡಲು ಆಸ್ಪತ್ರೆಗಳು ಸ್ವಲ್ಪ ಹೆಚ್ಚು ಓಡಾಡಬೇಕು, ಅಷ್ಟೇ.

ಅದಕ್ಕಿಂತ ಕಷ್ಟ ಕಲಿಕೆ. ಬಿ-ಗೆರೆ ಗುರುತಿಸುವುದನ್ನು ಕೆಲವೇ ದಿನಗಳಲ್ಲಿ ಕಲಿಸಬಹುದು. ಕಿಡ್ನಿಯೊಳಗಿನ ನಾಳದ ಹರಿವು ಹಿಡಿಯಲು ತಿಂಗಳುಗಳ ಕೈ ಅಭ್ಯಾಸ ಬೇಕು. ಅರೆಬರೆ ಕಲಿತು ತಪ್ಪಾಗಿ ಓದುವುದು ನೋಡದೇ ಇರುವುದಕ್ಕಿಂತ ಅಪಾಯ, ಯಾಕೆಂದರೆ ಪರದೆಯಲ್ಲಿ ಕಂಡಿದ್ದನ್ನು ಎಲ್ಲರೂ ಬೇಗ ನಂಬುತ್ತಾರೆ. ಅನುಮಾನ ಬಂದಾಗ ರೇಡಿಯಾಲಜಿಸ್ಟ್ ಅಥವಾ ಹೃದ್ರೋಗ ವೈದ್ಯರನ್ನು ಕರೆಯಲು ಹಿಂಜರಿಯಬಾರದು.

ಆ 68ರ ಹಿರಿಯರ ವಿಷಯಕ್ಕೆ ಬರುತ್ತೇನೆ. ಐವಿಸಿ 2.4 ಸೆಂ.ಮೀ. ಇತ್ತು. ಜೋರಾಗಿ ಉಸಿರೆಳೆದರೂ ಹೆಚ್ಚು ಅಲುಗಲಿಲ್ಲ. ಎದೆಯ ಎರಡೂ ಕಡೆ ಬಿ-ಗೆರೆಗಳು, ಬಲ ತಳದಲ್ಲಿ ಸ್ವಲ್ಪ ನೀರು. ಹೃದಯ ಮೆಲ್ಲಗೆ ಹಿಂಡುತ್ತಿತ್ತು. ಕಾಲೆತ್ತಿದರೂ ಚಿಮ್ಮುವ ಉದ್ದ ಹೆಚ್ಚಲಿಲ್ಲ. ಪೋರ್ಟಲ್ ನಾಳದ ಏರಿಳಿತ ಶೇಕಡ 50 ದಾಟಿತ್ತು, ಕಿಡ್ನಿಯ ನಾಳದಲ್ಲಿ ಒಂದೇ ತುಂಡು ಹರಿವು ಉಳಿದಿತ್ತು. ಎಲ್ಲವೂ ಒಂದೇ ಮಾತು ಹೇಳುತ್ತಿದ್ದವು. ಗದ್ದೆ ಜವಳಾಗಿತ್ತು.

ಮಗನನ್ನು ಕರೆದು ಪರದೆ ತೋರಿಸಿದೆ. "ನೋಡಿ, ನೀರು ಸಾಕಷ್ಟಿದೆ. ಹೊರಗೆ ಹೋಗೋ ದಾರಿ ಕಟ್ಟಿದೆ. ಇನ್ನೂ ಹಾಕಿದ್ರೆ ತೊಂದ್ರೆ ಆಗುತ್ತೆ." ಅವರು ರೈತರು. ಗದ್ದೆಯ ಮಾತು ತೆಗೆದ ಕೂಡಲೇ ತಲೆಯಾಡಿಸಿದರು. ಡ್ರಿಪ್ ನಿಲ್ಲಿಸಿದೆವು. ಬಿಪಿ ಹಿಡಿದಿಡಲು ಸಣ್ಣ ಪ್ರಮಾಣದ ನಾರ್‌ಅಡ್ರಿನಲಿನ್, ನೀರು ತೆಗೆಯಲು ಲಾಸಿಕ್ಸ್ ಇಂಜೆಕ್ಷನ್ ಶುರು ಮಾಡಿದೆವು. ಸೋಂಕಿಗೆ ಆಂಟಿಬಯೋಟಿಕ್ ಮುಂದುವರಿಯಿತು. ಮಾರನೇ ದಿನ ಬೆಳಗ್ಗೆ ಯೂರಿನ್ ಬ್ಯಾಗಿನ ಲೆಕ್ಕ 2,600 ಮಿಲಿ. ಕ್ರಿಯಾಟಿನಿನ್ ಇಳಿಯಲು ಇನ್ನೂ ನಾಲ್ಕು ದಿನ ಹಿಡಿಯಿತು. ಪ್ರತಿದಿನ ಪ್ರೋಬ್ ಇಟ್ಟು ನೋಡಿದೆವು. ಬಿ-ಗೆರೆಗಳು ಮೊದಲು ಎದೆಯ ಮೇಲ್ಭಾಗದಲ್ಲಿ ಮಾಯವಾದವು, ಆಮೇಲೆ ತಳದಲ್ಲಿ. ಐವಿಸಿ ಮತ್ತೆ ಉಸಿರಿನ ಜೊತೆ ಕುಗ್ಗಲು ಶುರುವಾದ ದಿನ ಲಾಸಿಕ್ಸ್ ತಗ್ಗಿಸಿದೆವು. ಇಲ್ಲದಿದ್ದರೆ ಇನ್ನೊಂದು ಕಡೆಗೆ ಒಣಗಿಸಿಬಿಡುತ್ತಿದ್ದೆವು.

ಡಿಸ್ಚಾರ್ಜ್ ದಿನ ತೂಕ ಐದು ಕೆಜಿ ಇಳಿದಿತ್ತು. ಮಂಚದ ಕೆಳಗಿದ್ದ ಚಪ್ಪಲಿಯನ್ನು ಅವರೇ ಕಾಲಲ್ಲಿ ಎಳೆದುಕೊಂಡು ಹಾಕಿಕೊಂಡರು.